ಕೊಡಗಿನ ಮಳೆಗಾಲಕ್ಕೆ ಅರ್ಧ ಟ್ಯಾಂಕ್ ಅಂದರೆ ಖಾಲಿ ಟ್ಯಾಂಕ್

ಕೊಡಗು ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಪೆಟ್ರೋಲ್ ಬಂಕ್ ಮಾಲೀಕರಿಗೆ, ಈ ಜಿಲ್ಲೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ನಮಸ್ಕಾರ.

ನಾನು ನಾಪೋಕ್ಲು ಕಡೆಯವನು. ಸಣ್ಣದೊಂದು ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಕಾರು, ಜೀಪು, ಪಿಕಪ್ ಎಲ್ಲ ನನ್ನ ಹತ್ತಿರ ಬರುತ್ತವೆ. ಪತ್ರ ಬರೆದು ಅಭ್ಯಾಸ ಇಲ್ಲ. ಆದರೂ ಮಳೆ ಹಿಡಿಯುವ ಮೊದಲು ಒಂದು ಮಾತು ಹೇಳಲೇಬೇಕು ಅನ್ನಿಸಿತು. ಮಾತು ಸಣ್ಣದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಯಾರ ಕಾರಿನ ಪೆಟ್ರೋಲ್ ಮುಳ್ಳೂ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಅರ್ಧಕ್ಕೆ ಬಂತು ಅಂದರೆ ಖಾಲಿ ಆಯಿತು ಅಂತಲೇ ತಿಳಿದುಕೊಂಡು ಬಂಕಿಗೆ ಹೋಗಬೇಕು.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಇದು ನನ್ನ ಮನೆಯಲ್ಲೇ ಆಗಿದೆ.

2019ರ ಆಗಸ್ಟ್ ತಿಂಗಳು. ಮಳೆ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕರೆಂಟು ಹೋಗಿ ನಾಲ್ಕನೇ ದಿನ. ಬೊಳಿಬಾಣೆಯಲ್ಲಿ ರಸ್ತೆ ಮೇಲೆ ನೀರು ಬಂದಿತ್ತು. ಎರಡು ದಿನದಿಂದ ಅವರಿವರ ಸಾಮಾನು, ಅಕ್ಕಿ, ಔಷಧಿ ಅಂತ ಓಡಾಡಿ ನನ್ನ ಕಾರು ರಿಸರ್ವ್‌ಗೆ ಬಿದ್ದಿತ್ತು. ಬೆಳಿಗ್ಗೆ ಹಾಕಿಸಿದರಾಯಿತು ಅಂದುಕೊಂಡು ಮಲಗಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮನಿಗೆ ಉಬ್ಬಸ ಜೋರಾಯಿತು. ಅವರಿಗೆ ಮೊದಲಿಂದಲೂ ಇತ್ತು. ಆದರೆ ಆ ರಾತ್ರಿಯದು ಬೇರೆ ತರ. ತುಟಿ ನೀಲಿಗೆ ತಿರುಗಿತ್ತು.

ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೊದಲು ಬಂಕಿಗೆ ಹೋದೆ. ಅಲ್ಲಿ ಕತ್ತಲೆ. ಒಳಗೆ ಮಲಗಿದ್ದ ಹುಡುಗ ಟಾರ್ಚ್ ಹಿಡಿದುಕೊಂಡು ಬಂದ. "ಅಣ್ಣ, ಮೆಷಿನ್ ಓಡ್ತಿಲ್ಲ. ಕರೆಂಟಿಲ್ಲ. ಜನರೇಟರ್ ಮಧ್ಯಾಹ್ನವೇ ಕೆಟ್ಟಿದೆ" ಅಂದ. ಪಾಪ, ಅವನಾದರೂ ಏನು ಮಾಡುತ್ತಾನೆ? ಅವನ ಕಾಲ ಕೆಳಗಿನ ಟ್ಯಾಂಕಿನಲ್ಲಿ ಸಾವಿರಾರು ಲೀಟರ್ ಪೆಟ್ರೋಲ್ ಇತ್ತು. ನನ್ನ ಕಾರಿಗೆ ಎರಡು ಲೀಟರ್ ಎತ್ತಿಕೊಡಲು ದಾರಿ ಇರಲಿಲ್ಲ.

ಮಡಿಕೇರಿಗೆ ಸುತ್ತು ದಾರಿಯಲ್ಲಿ ಹೊರಟೆ. ರಿಸರ್ವ್‌ನಲ್ಲಿ ಇಷ್ಟು ದೂರ ಹೋಗುತ್ತದೆ ಅನ್ನುವ ಲೆಕ್ಕ ನನಗೆ ಗೊತ್ತಿತ್ತು. ಮೆಕ್ಯಾನಿಕ್ ಅಲ್ವಾ, ಧೈರ್ಯ ಇತ್ತು. ಒಂದು ಕಡಿದಾದ ಏರಿನಲ್ಲಿ, ತಿರುವು ತೆಗೆಯುವಾಗ, ಎಂಜಿನ್ ಎರಡು ಸಲ ಜಗ್ಗಿತು. ಮೂರನೇ ಸಲ ನಿಂತೇ ಹೋಯಿತು. ಸ್ಟಿಯರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಬ್ರೇಕ್ ಎರಡು ಸಲ ಒತ್ತಿದ ಮೇಲೆ ಪೆಡಲ್ ಕೆಳಗೆ ಹೋಗಲೇ ಇಲ್ಲ. ಕಾರು ಒಂದು ಮೊಳದಷ್ಟು ಹಿಂದಕ್ಕೆ ಜಾರಿತು. ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟೆ. ಹಿಂದಿನ ಸೀಟಿನಿಂದ ಅಮ್ಮ ಉಸಿರು ಎಳೆಯುವ ಸದ್ದು ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆವು. ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಯಾವುದೋ ತೋಟದ ಜೀಪು ಬಂತು. ಡ್ರೈವರ್ ಅಣ್ಣ ಏನೂ ಕೇಳದೆ ಅಮ್ಮನನ್ನು ಎತ್ತಿ ಕೂರಿಸಿದರು. ಅಮ್ಮ ಬದುಕಿದರು. ಆ ಡ್ರೈವರ್ ಅಣ್ಣನ ಹೆಸರು ಕೇಳುವುದಕ್ಕೂ ಆ ರಾತ್ರಿ ನನಗೆ ತೋಚಲಿಲ್ಲ.

ಮರುದಿನ ಹೋಗಿ ಕಾರನ್ನು ಎಳೆಸಿಕೊಂಡು ಬಂದು ಗ್ಯಾರೇಜಿನಲ್ಲಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆ. ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಟ್ಯಾಂಕಿನಿಂದ ಪೆಟ್ರೋಲ್ ಇಳಿಸಿ ಅಳೆದು ನೋಡಿದೆ. ಮೂರು ಲೀಟರಿಗೂ ಸ್ವಲ್ಪ ಜಾಸ್ತಿ ಇತ್ತು.

ಈ ಮೂರು ಲೀಟರಿನ ವಿಷಯವನ್ನೇ ನಾನು ಎಲ್ಲರಿಗೂ ಬಿಡಿಸಿ ಹೇಳಬೇಕು ಅಂದುಕೊಂಡಿದ್ದೇನೆ. ಪೆಟ್ರೋಲ್ ಇತ್ತು. ಆದರೆ ಪಂಪಿಗೆ ಸಿಗಲಿಲ್ಲ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಹಲವು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಒಂದು ದುಂಡು ಮುಚ್ಚಳ ಕಾಣುತ್ತದೆ. ಅದನ್ನು ಬಿಚ್ಚಿದರೆ ಪಂಪ್ ಮೇಲೆ ಬರುತ್ತದೆ. ಅದರ ಪಕ್ಕದಲ್ಲಿ ಒಂದು ತೆಳ್ಳಗಿನ ತಂತಿ, ತಂತಿಯ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ತೇಲುವ ತುಂಡು. ಅದೇ ಫ್ಲೋಟ್. ಪೆಟ್ರೋಲ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ನಿಮ್ಮ ಮುಂದೆ ಕಾಣುವ ಮುಳ್ಳು, ಅಥವಾ ಆ ಕಡ್ಡಿಗಳು, ಈ ಫ್ಲೋಟ್ ಹೇಳಿದ್ದನ್ನಷ್ಟೇ ತೋರಿಸುವುದು. ಟ್ಯಾಂಕು ಬಿಂದಿಗೆ ತರವೂ ಅಲ್ಲ, ಡಬ್ಬಿ ತರವೂ ಅಲ್ಲ. ಸೀಟು, ಸೈಲೆನ್ಸರ್, ಆಕ್ಸೆಲ್ ಎಲ್ಲದಕ್ಕೂ ಜಾಗ ಬಿಟ್ಟು ಅಂಕುಡೊಂಕಾಗಿ ಮಾಡಿರುತ್ತಾರೆ. ಹಾಗಾಗಿ ಮುಳ್ಳು ಅರ್ಧದಲ್ಲಿದೆ ಅಂದರೆ ಪೆಟ್ರೋಲ್ ಸರಿಯಾಗಿ ಅರ್ಧ ಇದೆ ಅಂತ ಅಲ್ಲ. ಫುಲ್‌ನಿಂದ ಅರ್ಧಕ್ಕೆ ನಿಧಾನ ಇಳಿದ ಮುಳ್ಳು ಅರ್ಧದಿಂದ ಕೆಳಗೆ ಬೇಗ ಬೇಗ ಇಳಿಯುವುದನ್ನು ನೀವೂ ನೋಡಿರುತ್ತೀರಿ.

ಸಮತಟ್ಟು ಊರಿನಲ್ಲಿ ಇದು ನಡೆದುಹೋಗುತ್ತದೆ. ನಮ್ಮಲ್ಲಿ ಏರು ಹತ್ತುವಾಗ ಪೆಟ್ರೋಲ್ ಪೂರ್ತಿ ಹಿಂದಕ್ಕೆ ಹರಿಯುತ್ತದೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ಹೋಗುತ್ತದೆ. ಟ್ಯಾಂಕಿನಲ್ಲಿ ಹದಿನೈದು ಲೀಟರ್ ಇದ್ದರೆ ಪಂಪ್ ಮುಳುಗಿಯೇ ಇರುತ್ತದೆ. ಮೂರೇ ಲೀಟರ್ ಇದ್ದರೆ ಪಂಪಿನ ಬಾಯಿ ಬರೀ ಗಾಳಿಯಲ್ಲಿ. ಎಂಜಿನ್ ಆರಿದರೆ ಪವರ್ ಸ್ಟಿಯರಿಂಗ್ ಇಲ್ಲ, ಬ್ರೇಕಿಗೆ ಸಿಗುವ ಸಹಾಯವೂ ಇಲ್ಲ. ಕೊಡಗಿನ ಏರು ತಿರುವಿನಲ್ಲಿ ಇದು ಆದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ.

ಇನ್ನೊಂದು ಇದೆ. ಆ ಪಂಪ್ ಓಡುವಾಗ ಬಿಸಿಯಾಗುತ್ತದೆ. ಅದನ್ನು ತಣ್ಣಗೆ ಇಡುವುದೇ ಸುತ್ತ ಇರುವ ಪೆಟ್ರೋಲ್. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಕಾರಿನ ಪಂಪ್ ಬೇಗ ಹೋಗುತ್ತದೆ. ನನ್ನ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಹಳೆ ಪಂಪುಗಳ ಒಂದು ಡಬ್ಬಿಯೇ ಇದೆ. ಅವುಗಳ ಫಿಲ್ಟರ್ ಬಲೆ ನೋಡಿದರೆ ಕಪ್ಪಗೆ, ಅಂಟು ಅಂಟು. ಟ್ಯಾಂಕಿನ ತಳದಲ್ಲಿ ಕೂತ ಕೊಳೆ ಅದು.

ಈಗ ಮಳೆಗಾಲದ ಲೆಕ್ಕಕ್ಕೆ ಬರೋಣ. ವ್ಯಾಗನ್ ಆರ್‌ಗೆ 32 ಲೀಟರ್ ಟ್ಯಾಂಕ್. ಸ್ವಿಫ್ಟ್‌ಗೆ 37. ಹಳೆ ಆಲ್ಟೋ 800ಕ್ಕೆ 35, ಹೊಸ ಆಲ್ಟೋ ಕೆ10ಕ್ಕೆ 27. ಕ್ರೆಟಾಗೆ 50, ಇನ್ನೋವಾ ಕ್ರಿಸ್ಟಾಗೆ 55, ಬೊಲೆರೋಗೆ 60. ನಿಮ್ಮ ಕಾರಿನದ್ದು ಎಷ್ಟು ಅಂತ ನಿಮಗೆ ಗೊತ್ತಾ? ಗ್ಯಾರೇಜಿಗೆ ಬಂದವರನ್ನು ನಾನು ಕೇಳುತ್ತಿರುತ್ತೇನೆ. ತುಂಬಾ ಜನ ಹೇಳುವುದಿಲ್ಲ. ಮೈಲೇಜ್ ಎಷ್ಟು ಅಂತ ಕೇಳಿದರೆ ಎಲ್ಲರೂ ಹೇಳುತ್ತಾರೆ.

ವ್ಯಾಗನ್ ಆರ್ ಇಟ್ಟುಕೊಂಡವರಿಗೆ ಅರ್ಧ ಟ್ಯಾಂಕ್ ಅಂದರೆ 16 ಲೀಟರ್. ಮೈಸೂರು ರಸ್ತೆಯಲ್ಲಿ ಲೀಟರಿಗೆ 20 ಕಿ.ಮೀ. ಕೊಡುವ ಕಾರು ನಮ್ಮ ಏರು ಇಳಿತದಲ್ಲಿ, ಮಂಜಿನಲ್ಲಿ ಎ.ಸಿ. ಹಾಕಿಕೊಂಡು, ಸೆಕೆಂಡ್ ಗೇರಿನಲ್ಲಿ ಹೋಗುವಾಗ 13 ಕೊಟ್ಟರೆ ದೊಡ್ಡದು. 16 ಲೀಟರಿಗೆ 200 ಕಿ.ಮೀ. ಚಿಲ್ಲರೆ. ಅಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120, ಮಂಗಳೂರಿಗೆ ಸುಮಾರು 140. ಯಾವ ಕಡೆ ಹೋದರೂ ತಲುಪುತ್ತೀರಿ, ದಾರಿ ಮುಚ್ಚಿದ್ದರೆ ಸುತ್ತಿ ಬರುವುದಕ್ಕೂ ಇರುತ್ತದೆ. ನಾನು ಅರ್ಧ ಅಂತ ಹೇಳುವುದು ಸುಮ್ನೆ ಬಾಯಿಗೆ ಬಂದ ಮಾತಲ್ಲ. ನಮ್ಮಲ್ಲಿ ಕಾಯಿಲೆ ಜೋರಾದರೆ ಮೈಸೂರು ಇಲ್ಲ ಮಂಗಳೂರು. ಕೊಡಗಿಗೆ ಒಂದು ಒಳ್ಳೆಯ ದೊಡ್ಡ ಆಸ್ಪತ್ರೆ ಕೊಡಿ ಅಂತ 2019ರಲ್ಲಿ ನಮ್ಮ ಹುಡುಗರು ಫೇಸ್‌ಬುಕ್, ಟ್ವಿಟರ್ ತುಂಬಾ ಕೇಳಿದ್ದು ನೆನಪಿದೆ ಅಲ್ವಾ? ದೂರದ ಆ ಆಸ್ಪತ್ರೆಯವರೆಗೆ ಓಡುವ ಪೆಟ್ರೋಲ್ ಕಾರಿನಲ್ಲಿ ಯಾವಾಗಲೂ ಇರಬೇಕು. ಅಷ್ಟೇ ನನ್ನ ಲೆಕ್ಕ.

ದಾರಿ ಮುಚ್ಚುವುದು ನಮಗೆ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಇಲ್ಲದ ಹಾಗಾಯಿತು. ಮರುವರ್ಷ ವಿರಾಜಪೇಟೆ ಹತ್ತಿರ ತೋರದಲ್ಲಿ ಗುಡ್ಡ ಜರಿಯಿತು. 2020ರಲ್ಲಿ ತಲಕಾವೇರಿ ಬೆಟ್ಟ. ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿ ಮಳೆಗಾಲದಲ್ಲಿ ಯಾವಾಗ ನಿಲ್ಲುತ್ತದೆ ಅಂತ ಹೇಳಲಾಗುವುದಿಲ್ಲ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಉಕ್ಕಿದರೆ ಆ ಕಡೆಯ ಊರುಗಳ ಓಡಾಟವೇ ಏರುಪೇರು. ಸಂಪಾಜೆ ದಾರಿ ಮುಚ್ಚಿದಾಗ ಸುಳ್ಯಕ್ಕೆ ಹೋಗಬೇಕಾದವರು ಭಾಗಮಂಡಲ, ಕರಿಕೆ, ಪಾಣತ್ತೂರು ಸುತ್ತಿ ಹೋಗುತ್ತೇವೆ. ಮೈಲಿಗಟ್ಟಲೆ ಕಾಡು. ಆ ಕಾಡಿನಲ್ಲಿ ರಿಸರ್ವ್‌ನ ಹಳದಿ ದೀಪ ಹತ್ತಿದರೆ ಯಾರನ್ನು ಕೂಗುವುದು?

ಹೊಸ ಕಾರುಗಳಲ್ಲಿ ಇನ್ನು ಇಷ್ಟು ಕಿ.ಮೀ. ಓಡುತ್ತದೆ ಅಂತ ಬರುತ್ತದೆ. ಅದನ್ನು ನಂಬಿಕೊಂಡು ಹೊರಡುವವರು ಈಗ ಜಾಸ್ತಿ. ಆ ಲೆಕ್ಕ ನೀವು ಈವರೆಗೆ ಹೇಗೆ ಓಡಿಸಿದಿರಿ ಅನ್ನುವುದರ ಮೇಲೆ ಹಾಕುವುದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಪೆಟ್ರೋಲ್ ಖರ್ಚೇ ಕಡಿಮೆ. ಹಾಗಾಗಿ ಕೆಳಗೆ ಹೋದ ಮೇಲೆ ಅಂಕೆ ದೊಡ್ಡದಾಗಿ ಕಾಣುತ್ತದೆ. ವಾಪಸ್ ಹತ್ತುವಾಗ ಅದು ಕಣ್ಣೆದುರೇ ಕರಗುತ್ತದೆ. ಸಂಪಾಜೆಯಲ್ಲಿ 95 ತೋರಿಸಿದ್ದು ಮಡಿಕೇರಿ ಮುಟ್ಟುವಾಗ 30ಕ್ಕೆ ಬಂದಿದ್ದನ್ನು ನಾನೇ ನೋಡಿದ್ದೇನೆ. ಕೆಳಗಿನ ಅಂಕೆ ನೋಡಿ ಧೈರ್ಯ ಮಾಡಬೇಡಿ.

ಇಳಿಯುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪೆಟ್ರೋಲ್ ಉಳಿಯಲಿ ಅಂತ ಘಾಟಿಯಲ್ಲಿ ನ್ಯೂಟ್ರಲ್ ಮಾಡಿಕೊಂಡು ಇಳಿಯುವವರು ಇನ್ನೂ ಇದ್ದಾರೆ. ದಯವಿಟ್ಟು ಬಿಟ್ಟುಬಿಡಿ. ಹಳೆ ಕಾರ್ಬ್ಯುರೇಟರ್ ಕಾರುಗಳ ಕಾಲದ ಅಭ್ಯಾಸ ಅದು. ಈಗಿನ ಕಾರು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದ ಹಾಗೆ ನೋಡಿಕೊಳ್ಳಲು ಅದು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಬ್ರೇಕ್ ಬೇರೆ ಕಾಯುತ್ತದೆ. ಕಾದ ಬ್ರೇಕಿನ ವಾಸನೆ ಹೊತ್ತುಕೊಂಡು ನನ್ನ ಹತ್ತಿರ ಬಂದ ಪ್ರವಾಸಿಗಳ ಮುಖ ನೋಡಿದ್ದೇನೆ. ಪಕ್ಕದಲ್ಲಿ ಮಕ್ಕಳು ಕೂತಿರುತ್ತಾರೆ.

ಈಗ ಬಂಕಿನ ವಿಷಯ.

ಹೋದ ವರ್ಷ ಒಬ್ಬರು ಆಲ್ಟೋ 800 ತಗೊಂಡು ಬಂದರು. ತುಂಬಾ ಸಿಟ್ಟಿನಲ್ಲಿದ್ದರು. ಕೈಯಲ್ಲಿ ಬಂಕಿನ ಬಿಲ್. "ನೋಡಿ, ಪುಸ್ತಕದಲ್ಲಿ 35 ಲೀಟರ್ ಅಂತ ಇದೆ. ಅವನು 36.8 ಲೀಟರ್ ಹಾಕಿದ್ದೇನೆ ಅಂತಾನೆ. ಟ್ಯಾಂಕಿಗಿಂತ ಜಾಸ್ತಿ ಹೇಗೆ ಹಿಡಿಯುತ್ತೆ?" ಅಂದರು. ಕೇಳಿದವರಿಗೆ ಯಾರಿಗಾದರೂ ಮೋಸ ಅಂತಲೇ ಅನ್ನಿಸುತ್ತದೆ. ಆದರೆ ಪುಸ್ತಕದಲ್ಲಿರುವ ಅಂಕೆ ಟ್ಯಾಂಕಿನ ಬಾಯಿವರೆಗಿನ ಅಳತೆ ಅಲ್ಲ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. 10 ಡಿಗ್ರಿ ಬಿಸಿ ಏರಿದರೆ ನೂರು ಲೀಟರ್ ಹತ್ತಿರ ಹತ್ತಿರ ನೂರೊಂದು ಆಗುತ್ತದೆ. ಆವಿಯೂ ಏಳುತ್ತದೆ. ಅದಕ್ಕೆ ಅಂತಲೇ ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಮುಚ್ಚಳದಿಂದ ಟ್ಯಾಂಕಿಗೆ ಹೋಗುವ ಕೊಳವೆ ಬೇರೆ. ಇವೆಲ್ಲ ತುಂಬಿಸಿದರೆ ಪುಸ್ತಕದ ಅಂಕೆಗಿಂತ ಕೆಲವು ಲೀಟರ್ ಜಾಸ್ತಿ ಹಿಡಿದೇ ಹಿಡಿಯುತ್ತದೆ. ಅವರ ಕಾರು ಪೂರ್ತಿ ಒಣಗಿತ್ತು. ಹುಡುಗ ಕೊಳವೆ ಬಾಯಿವರೆಗೆ ತುಂಬಿಸಿದ್ದ. ಬಂಕಿನವರು ಸುಳ್ಳು ಹೇಳಿರಲಿಲ್ಲ. ತಪ್ಪು ಆಗಿದ್ದು ತುಂಬಿಸಿದ ರೀತಿಯಲ್ಲಿ.

ಅನುಮಾನ ಬಂದರೆ ಜಗಳ ಬೇಡ. ಪ್ರತಿ ಬಂಕಿನಲ್ಲೂ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಕೇಳಿದರೆ ನಿಮ್ಮ ಕಣ್ಣೆದುರೇ ಅದಕ್ಕೆ ಬಿಟ್ಟು ತೋರಿಸಬೇಕು. 5 ಲೀಟರಿಗೆ 25 ಮಿಲಿ ಲೀಟರ್ ಹೆಚ್ಚುಕಡಿಮೆ ನಡೆಯುತ್ತದೆ. ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಿ. ಪೆಟ್ರೋಲ್ ಶುದ್ಧ ಇದೆಯಾ ಅಂತ ನೋಡಲು ಫಿಲ್ಟರ್ ಕಾಗದವೂ ಕೇಳಬಹುದು. ಒಂದು ತೊಟ್ಟು ಹಾಕಿದರೆ ಕಲೆ ಉಳಿಯದೆ ಆರಿಹೋಗಬೇಕು. ಇದೆಲ್ಲ ನಿಮ್ಮ ಹಕ್ಕು. ಬಂಕಿನ ಹುಡುಗರನ್ನು ಗದರಿಸಬೇಡಿ. ಬೆಳಿಗ್ಗೆಯಿಂದ ಮಳೆಯಲ್ಲಿ ನಿಂತಿರುತ್ತಾರೆ. "ಜೀರೋ ನೋಡ್ಕೊಳ್ಳಿ" ಅಂತ ಅವರು ಹೇಳಿದಾಗ ಫೋನ್ ಬಿಟ್ಟು ಒಂದು ಸಲ ನೋಡಿ, ಸಾಕು.

ನಾನು ನಿಮ್ಮನ್ನು ಕೈಮುಗಿದು ಕೇಳುವುದು ಮೊದಲನೇ ಕಟ್ ಬಗ್ಗೆ. ಪೆಟ್ರೋಲ್ ಹಾಕುವ ಗನ್ನಿನ ತುದಿಯಲ್ಲಿ ಸಣ್ಣ ತೂತು ಇದೆ. ಗಮನಿಸಿ ನೋಡಿ, ಕಡಲೆಕಾಳಿಗಿಂತಲೂ ಸಣ್ಣದು. ಪೆಟ್ರೋಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಗೆ ಎಳೆಯುತ್ತಿರುತ್ತದೆ. ಟ್ಯಾಂಕ್ ತುಂಬಿ ಪೆಟ್ರೋಲ್ ಮೇಲೆ ಬಂದು ತೂತು ಮುಚ್ಚಿದ ಕೂಡಲೇ ಗಾಳಿ ನಿಂತು, ಗನ್ 'ಟಕ್' ಅಂತ ತಾನೇ ನಿಲ್ಲುತ್ತದೆ. ಅದೇ ಮೊದಲನೇ ಕಟ್. ಅಲ್ಲಿಗೆ ಮುಗಿಯಿತು. ಟ್ಯಾಂಕ್ ಫುಲ್. ಆದರೆ ಅಷ್ಟು ಹೊತ್ತಿಗೆ ಮೆಷಿನ್‌ನಲ್ಲಿ 1,863 ರೂಪಾಯಿ ಇರುತ್ತದೆ. "ರೌಂಡ್ ಫಿಗರ್ ಮಾಡಿ" ಅಂತ ನಾವೇ ಹೇಳುತ್ತೇವೆ. ಹುಡುಗ ಮತ್ತೆ ಒತ್ತುತ್ತಾನೆ. ಟಕ್. ಮತ್ತೆ ಒತ್ತುತ್ತಾನೆ. ಕಾರನ್ನು ಸ್ವಲ್ಪ ಅಲ್ಲಾಡಿಸುವವರೂ ಇದ್ದಾರೆ.

ಆ ಹೆಚ್ಚಿನ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಆವಿಗೆ ಬಿಟ್ಟ ಜಾಗಕ್ಕೆ. ಅಲ್ಲಿಂದ ಒಂದು ಪೈಪು ಹೊರಟು ಇದ್ದಿಲು ತುಂಬಿದ ಪುಟ್ಟ ಡಬ್ಬಿಗೆ ಹೋಗುತ್ತದೆ. ಕ್ಯಾನಿಸ್ಟರ್ ಅನ್ನುತ್ತೇವೆ. ಪೆಟ್ರೋಲಿನ ಆವಿ ಹೊರಗೆ ಹೋಗದ ಹಾಗೆ ಹಿಡಿದುಕೊಂಡು, ಆಮೇಲೆ ಎಂಜಿನ್ನಿಗೆ ಕೊಡುವುದು ಅದರ ಕೆಲಸ. ಅದು ಆವಿಗೆ ಮಾಡಿದ ಡಬ್ಬಿ. ಅದಕ್ಕೆ ಪೆಟ್ರೋಲೇ ನುಗ್ಗಿದರೆ ಇದ್ದಿಲು ನೆನೆದು ಹಾಳಾಗುತ್ತದೆ. ಕಾರಿನಲ್ಲಿ ಪೆಟ್ರೋಲ್ ವಾಸನೆ, ಸ್ಟಾರ್ಟ್ ಆಗುವುದಕ್ಕೆ ತಕರಾರು, ಎಂಜಿನ್ ದೀಪ. ಹೊಸ ಡಬ್ಬಿ ಹಾಕಿದರೆ ಸಾವಿರಗಟ್ಟಲೆ ಖರ್ಚು. ನಮ್ಮ ಊರುಗಳಲ್ಲಿ ಬಂಕಿನಿಂದ ಹೊರಗೆ ಬಂದ ಕೂಡಲೇ ಏರು ಇರುತ್ತದೆ. ಬಾಯಿವರೆಗೆ ತುಂಬಿದ ಟ್ಯಾಂಕಿನಿಂದ ಪೆಟ್ರೋಲ್ ಆ ಪೈಪಿಗೆ ಹೋಗಲು ಅಷ್ಟೇ ಸಾಕು. ನನ್ನ ಹತ್ತಿರ ಬರುವ ಎಷ್ಟೋ ಕಾರುಗಳಲ್ಲಿ ಈ ಡಬ್ಬಿ ಎತ್ತಿದರೆ ಒಳಗೆ ಪೆಟ್ರೋಲ್ ಕುಲುಕುತ್ತದೆ. ಈಗ ಎಲ್ಲರ ಹತ್ತಿರ ಫೋನ್‌ಪೇ, ಗೂಗಲ್ ಪೇ ಇದೆ. 1,863 ರೂಪಾಯಿ ಇದ್ದರೆ 1,863 ಕೊಡಿ. ಚಿಲ್ಲರೆ ಹುಡುಕುವ ಕಾಲ ಹೋಯಿತು.

ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿದರೆ ಸಿಡಿಯುತ್ತದೆ ಅಂತ ಪ್ರತಿ ವರ್ಷ ವಾಟ್ಸಾಪ್‌ನಲ್ಲಿ ಬರುತ್ತದೆ. ಇಂಡಿಯನ್ ಆಯಿಲ್ ಹೆಸರಿನಲ್ಲೇ ಬರುತ್ತದೆ. ಅದು ಸುಳ್ಳು ಅಂತ ಇಂಡಿಯನ್ ಆಯಿಲ್ ತಾನೇ ಹೇಳಿದೆ. ಕಂಪನಿ ಹೇಳಿದ ಮಿತಿವರೆಗೆ ಬೇಸಿಗೆ, ಚಳಿ ಯಾವಾಗ ಬೇಕಾದರೂ ತುಂಬಿಸಬಹುದು. ಬೆಳಿಗ್ಗೆ ಬೇಗ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಅನ್ನುವುದೂ ಹಾಗೇ. ಬಂಕಿನ ಟ್ಯಾಂಕ್ ನೆಲದೊಳಗಿದೆ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ತುಂಬಿದ ಟ್ಯಾಂಕ್ ಭಾರ, ಮೈಲೇಜ್ ಬೀಳುತ್ತದೆ ಅಂತ ಹೇಳುವವರಿಗೂ ಒಂದು ಮಾತು. ಪೆಟ್ರೋಲ್ ಲೀಟರಿಗೆ ಹತ್ತಿರ ಹತ್ತಿರ ಮುಕ್ಕಾಲು ಕೆ.ಜಿ. ತೂಗುತ್ತದೆ, ಅಷ್ಟೇ. ಅರ್ಧ ಟ್ಯಾಂಕಿನ 16 ಲೀಟರ್ ಅಂದರೆ ಸುಮಾರು 12 ಕೆ.ಜಿ. ಕಾಫಿ ಮೂಟೆ ಒಂದಕ್ಕೆ 50 ಕೆ.ಜಿ. ಇರುತ್ತದೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಹಳೆ ಜ್ಯಾಕ್, ಕತ್ತಿ, ಗೊಬ್ಬರದ ಚೀಲ ಇಳಿಸಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ದುಡ್ಡಿನ ಕಷ್ಟ ನನಗೆ ಗೊತ್ತು. ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಎಲ್ಲರಿಗೂ ಫುಲ್ ಟ್ಯಾಂಕ್ ಮಾಡಿಸಲಾಗುವುದಿಲ್ಲ. ತೋಟದ ಲೈನ್ ಮನೆಯಲ್ಲಿರುವ ಕೆಲಸಗಾರರು, ಬಾಡಿಗೆ ಓಡಿಸುವವರು 300, 500 ಅಂತ ಹಾಕಿಸುತ್ತಾರೆ. ಹಾಗೇ ಹಾಕಿಸಿ, ಬೇಡ ಅನ್ನುವುದಿಲ್ಲ. ಒಂದೇ ಒಂದು ಸಲ, ಮೇ ಕೊನೆಗೆ, ಒಂದು ಸಾವಿರ ಸಾವಿರದೈನೂರು ಜಾಸ್ತಿ ಹಾಕಿಸಿ ಮುಳ್ಳನ್ನು ಅರ್ಧಕ್ಕಿಂತ ಮೇಲೆ ತನ್ನಿ. ಆಮೇಲೆ ನಿಮ್ಮ 500ರ ಲೆಕ್ಕವೇ ಮುಂದುವರಿಯಲಿ, ಆದರೆ ರಿಸರ್ವ್‌ನಿಂದ ಅಲ್ಲ, ಅರ್ಧದಿಂದ. ಆ ಸಾವಿರ ರೂಪಾಯಿ ಖರ್ಚಲ್ಲ. ಟ್ಯಾಂಕಿನಲ್ಲೇ ಇರುತ್ತದೆ. ಸೆಪ್ಟೆಂಬರ್‌ನಲ್ಲಿ, ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಕಡಿಮೆಯಾದ ಮೇಲೆ, ಓಡಿಸಿ ಮುಗಿಸಿ.

ಮನೆಯಲ್ಲಿ ತುಂಬಿಸಿ ಇಡುವುದು ಇದಕ್ಕೆ ಉತ್ತರ ಅಲ್ಲ. ತೋಟದವರ ಹತ್ತಿರ ಕಳೆ ಹೊಡೆಯುವ ಮೆಷಿನ್ನಿಗೆ ಅಂತ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಪೆಟ್ರೋಲ್ ಇರುತ್ತದೆ. ಒಲೆ ಇರುವ ಕೋಣೆಯ ಗೋಡೆಯ ಪಕ್ಕದಲ್ಲಿ, ಮಕ್ಕಳ ಕೈಗೆ ಸಿಗುವ ಹಾಗೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ಒಲೆವರೆಗೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೆಷಿನ್ನಿಗೆ ಬೇಕಾದಷ್ಟನ್ನು ಗಟ್ಟಿ ಮುಚ್ಚಳದ ಲೋಹದ ಕ್ಯಾನ್‌ನಲ್ಲಿ, ಮನೆಯಿಂದ ದೂರದ ಶೆಡ್ಡಿನಲ್ಲಿ ಇಡಿ. ಕಾರಿಗೆ ಬೇಕಾದ್ದು ಕಾರಿನ ಟ್ಯಾಂಕಿನಲ್ಲೇ ಇರಲಿ. ಅದಕ್ಕಿಂತ ಒಳ್ಳೆಯ ಕ್ಯಾನ್ ನಿಮ್ಮ ಮನೆಯಲ್ಲಿ ಇಲ್ಲ.

ಮುಚ್ಚಳದ ಬಗ್ಗೆಯೂ ಒಂದು ಎಚ್ಚರಿಕೆ. ಈಗ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಶೇ. 20 ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶುರುವಾಗಿದ್ದು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪಿನ ಬಾಯಿ ಇರುವುದೂ ಅಲ್ಲೇ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ನಮ್ಮ ಮಳೆಯಲ್ಲಿ ಕೇಳಬೇಕಾ? ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಟ್ಯಾಂಕಿನಿಂದ ನಾನು ಹೋದ ಮಳೆಗಾಲದಲ್ಲಿ ತೆಗೆದದ್ದು ಎರಡು ಬಣ್ಣದ ಪೆಟ್ರೋಲ್. ಗಾಜಿನ ಬಾಟಲಿಗೆ ಸುರಿದರೆ ಗೆರೆ ಎಳೆದ ಹಾಗೆ ಎರಡು ಪದರ. ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗ ಜಾಸ್ತಿ. ಅದಕ್ಕೂ ತುಂಬಿದ ಟ್ಯಾಂಕೇ ಒಳ್ಳೆಯದು.

ಈಗ ಜಿಲ್ಲಾಧಿಕಾರಿಗಳಲ್ಲಿ ಮನವಿ. ಪ್ರತಿ ವರ್ಷ ಮಳೆಗೆ ಮೊದಲು ನೀವು ಸಭೆ ಮಾಡುತ್ತೀರಿ. ಕಾಳಜಿ ಕೇಂದ್ರ, ದೋಣಿ, ಜೆಸಿಬಿ, ಮರ ಕಡಿಯುವವರು, ಎಲ್ಲ ಪಟ್ಟಿ ಆಗುತ್ತದೆ. ಅದರ ಹಿಂದೆ ಎಷ್ಟು ಜನರ ಕೆಲಸ ಇದೆ ಅಂತ ನಮಗೆ ಗೊತ್ತು. 2018ರ ನಂತರ ಜಿಲ್ಲೆ ತುಂಬಾ ಕಲಿತಿದೆ. ಆ ಸಭೆಗೆ ಪೆಟ್ರೋಲ್ ಬಂಕಿನವರನ್ನೂ ಕರೆಯಿರಿ. ಪ್ರತಿ ಬಂಕಿನಲ್ಲಿ ಜನರೇಟರ್ ಇದೆಯಾ, ಓಡುತ್ತದೆಯಾ ಅಂತ ಮೇ ತಿಂಗಳಲ್ಲೇ ಓಡಿಸಿ ನೋಡಲು ಹೇಳಿ. ಕರೆಂಟು ಇಲ್ಲದೆ ಬಂಕ್ ಓಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಆ ರಾತ್ರಿ ಅದು ಯಾರ ಕೆಲಸವೂ ಆಗಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಬಂಕು ಆಂಬುಲೆನ್ಸ್, ಅಗ್ನಿಶಾಮಕ, ರಕ್ಷಣಾ ವಾಹನಗಳಿಗೆ ಅಂತ ಸ್ವಲ್ಪ ಸ್ಟಾಕ್ ಮುಟ್ಟದೆ ಇಡುವ ಹಾಗೆ ಮಾಡಿ. ದಾರಿ ಮುಚ್ಚಿ ಟ್ಯಾಂಕರ್ ಬಾರದಿದ್ದರೆ ಅದೇ ಗತಿ. ರಾತ್ರಿ ತೆರೆದಿರುವ ಬಂಕ್ ಯಾವುದು, ಜನರೇಟರ್ ಎಲ್ಲಿ ಓಡುತ್ತಿದೆ ಅಂತ ಮಳೆ ಜೋರಿರುವ ದಿನಗಳಲ್ಲಿ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ ಗೊತ್ತಾಗಲಿ.

ಇನ್ನೊಂದು, ಬೋರ್ಡು. ಪೆರುಂಬಾಡಿಯಿಂದ ಮಾಕುಟ್ಟ ಕಡೆಗೆ ಇಳಿಯುವ ಮೊದಲು, ಭಾಗಮಂಡಲದಿಂದ ಕರಿಕೆಗೆ ಹೋಗುವ ಮೊದಲು, ಆನೆಚೌಕೂರು ಕಾಡು ಸೇರುವ ಮೊದಲು, ಮಡಿಕೇರಿಯಿಂದ ಸಂಪಾಜೆ ಘಾಟಿ ಶುರುವಾಗುವಲ್ಲಿ, 'ಮುಂದಿನ ಪೆಟ್ರೋಲ್ ಬಂಕ್ ಇಷ್ಟು ಕಿ.ಮೀ.' ಅಂತ ಒಂದು ಬೋರ್ಡು ಹಾಕಿಸಿ. ಹಳದಿ ಬಣ್ಣ, ದೊಡ್ಡ ಅಕ್ಷರ, ಮಂಜಿನಲ್ಲೂ ಕಾಣುವ ಹಾಗೆ. ಊರಿನವರಿಗೆ ಬೇಡದಿರಬಹುದು. ಶನಿವಾರ ಬೆಂಗಳೂರಿನಿಂದ ಬಂದವರಿಗೆ ಬೇಕು. ಆನೆ ದಾಟುವ ಜಾಗದಲ್ಲಿ ಪೆಟ್ರೋಲ್ ಮುಗಿದು ನಿಂತ ಕಾರಿನಲ್ಲಿ ಕೂತವರ ಸ್ಥಿತಿ ಯೋಚಿಸಿ.

ಬಂಕ್ ಮಾಲೀಕರೇ, ನಿಮ್ಮ ಹುಡುಗರಿಗೆ ಒಂದು ಮಾತು ಹೇಳಿಕೊಡಿ. ಮೊದಲನೇ ಕಟ್ ಆದ ಮೇಲೆ ಗಿರಾಕಿ ಕೇಳಿದರೂ ಒತ್ತಬೇಡಿ ಅಂತ. ಗಿರಾಕಿಗಳು ಬೈದರೆ ನನ್ನ ಈ ಪತ್ರ ತೋರಿಸಲಿ. 5 ಲೀಟರಿನ ಪಾತ್ರೆಯನ್ನು ಒಳಗೆ ಬೀಗ ಹಾಕಿ ಇಡದೆ ಹೊರಗೆ ಕಾಣುವ ಹಾಗೆ ಇಡಿ. ಮಳೆಗಾಲದಲ್ಲಿ ನೆಲದ ಟ್ಯಾಂಕಿಗೆ ನೀರು ಇಳಿದಿದೆಯಾ ಅಂತ ದಿನಾ ಬೆಳಿಗ್ಗೆ ಅಳತೆ ಕೋಲಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ನೋಡುತ್ತೀರಿ ಅಂತ ನಂಬಿದ್ದೇನೆ. ಜೋರು ಮಳೆ ಬಂದ ದಿನ ಸಂಜೆಯೂ ಒಂದು ಸಲ ನೋಡಿ.

ಅಮ್ಮ ಈಗಲೂ ಇದ್ದಾರೆ. ಕಾರು ಹತ್ತುವ ಮೊದಲು "ಮುಳ್ಳು ಎಲ್ಲಿದೆ?" ಅಂತ ಕೇಳುತ್ತಾರೆ. ಅವರಿಗೆ ಕನ್ನಡಕ ಇಲ್ಲದೆ ಕಾಣುವುದಿಲ್ಲ. ನಾನು ಹೇಳಿದ ಮೇಲೂ ಬಗ್ಗಿ ನೋಡಿಯೇ ಕೂರುತ್ತಾರೆ.

ಮೇ ತಿಂಗಳ ಎಲ್ಲ ಭಾನುವಾರ ಬೆಳಿಗ್ಗೆ ನನ್ನ ಗ್ಯಾರೇಜ್ ತೆರೆದಿರುತ್ತದೆ. ನಾಪೋಕ್ಲು ಸುತ್ತಮುತ್ತಲಿನವರು ಯಾರು ಬೇಕಾದರೂ ಕಾರು ತನ್ನಿ. ಟ್ಯಾಂಕಿನ ಮುಚ್ಚಳದ ರಬ್ಬರ್, ಮುಳ್ಳು ಸರಿ ತೋರಿಸುತ್ತಿದೆಯಾ, ಕ್ಯಾನಿಸ್ಟರ್ ಒದ್ದೆ ಇದೆಯಾ ಅಂತ ನೋಡಿಕೊಡುತ್ತೇನೆ. ಹತ್ತು ನಿಮಿಷದ ಕೆಲಸ. ದುಡ್ಡು ಬೇಡ. ಆ ರಾತ್ರಿ ಜೀಪು ನಿಲ್ಲಿಸಿದ ಅಣ್ಣ ಇದನ್ನು ಓದಿದರೆ, ಅವರೂ ಬರಲಿ. ಒಂದು ಲೋಟ ಕಾಫಿ ಕುಡಿದು ಹೋಗಲಿ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಮೆಕ್ಯಾನಿಕ್